ಎಸಿಎಲ್ ಹರಿದಿದೆ, ಆಪರೇಷನ್ ಆದಮೇಲೆ ಮತ್ತೆ ಕಬಡ್ಡಿ ಆಡಬಹುದಾ?

ಪ್ರಶ್ನೆ: ಸರ್, ನಾನು ಮಂಡ್ಯ ಜಿಲ್ಲೆಯವನು. 22 ವರ್ಷ. ಕಾಲೇಜು ಟೀಮಿನಲ್ಲಿ ರೈಡರ್. ಮೂರು ವಾರದ ಹಿಂದೆ ಮ್ಯಾಚಿನಲ್ಲಿ ಬೋನಸ್ ಗೆರೆ ದಾಟಿ ವಾಪಸ್ ತಿರುಗುವಾಗ ಬಲಗಾಲಿನ ಮಂಡಿ ಒಳಗೇ ‘ಟಕ್’ ಅಂತು. ಯಾರೂ ಹಿಡಿದಿರಲಿಲ್ಲ. ಸಂಜೆಯೊಳಗೆ ಊದಿಕೊಂಡಿತು. ಎಂಆರ್‌ಐನಲ್ಲಿ ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್ ಕೂಡ ಸೀಳಿದೆ ಅಂತ ಬಂದಿದೆ. ಒಬ್ಬ ಡಾಕ್ಟರು ಇದೇ ವಾರ ಆಪರೇಷನ್ ಮಾಡಿಸಿ ಅಂದರು. ಇನ್ನೊಬ್ಬರು ಮೂರು ತಿಂಗಳು ಫಿಸಿಯೋಥೆರಪಿ ಮಾಡಿ ನೋಡೋಣ ಅಂದರು. ಈಗ ನೋವು ಕಡಿಮೆ ಇದೆ, ನಡೆಯುತ್ತಿದ್ದೇನೆ. ಮಂಡಿ ಕೊಯ್ಸಿಕೊಂಡರೆ ಗದ್ದೆ ಕೆಲಸಕ್ಕೂ ಆಗಲ್ಲ ಅಂತಾರೆ ಅಪ್ಪ. ಮುಂದಿನ ವರ್ಷ ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ಗೂ ಹೋಗಬೇಕು ಅಂತಿದ್ದೆ. ಆಪರೇಷನ್ ಮಾಡಿಸಿದರೆ ಮೊದಲಿನ ಹಾಗೆ ಆಡೋಕೆ ಆಗತ್ತಾ?

ಉತ್ತರ: ಮೊದಲು ಒಂದು ವಿಷಯ ನೋಡಿಕೊಳ್ಳಿ. ಮಂಚದ ಮೇಲೆ ಕಾಲು ಚಾಚಿ ಕೂತು, ಎರಡೂ ಮಂಡಿ ಪೂರ್ತಿ ನೇರವಾಗುತ್ತವಾ ಪರೀಕ್ಷಿಸಿ. ಬಲ ಮಂಡಿ ನೇರ ಆಗುವ ಮೊದಲೇ ಒಳಗೆ ಏನೋ ಅಡ್ಡ ಸಿಕ್ಕಿದ ಹಾಗೆ ನಿಂತುಬಿಡುತ್ತದೆಯೇ? ಹಾಗಿದ್ದರೆ ಸೀಳಿದ ಮೆನಿಸ್ಕಸ್‌ನ (ಮಂಡಿಯ ಮೂಳೆಗಳ ನಡುವೆ ಮೆತ್ತೆಯ ಹಾಗೆ ಕೂತಿರುವ ಮೆದು ಎಲುಬು) ತುಂಡು ಮಡಚಿಕೊಂಡು ಕೀಲಿನ ನಡುವೆ ಸಿಕ್ಕಿಕೊಂಡಿರಬಹುದು. ಅದಕ್ಕೆ ಕಾಯಬಾರದು. ಬೇಗ ಹೋಗಿ ತೋರಿಸಿ. ಹಾಗೇನೂ ಇಲ್ಲದೆ ಮಂಡಿ ನೇರ ಆಗುತ್ತಿದ್ದರೆ ಇದೇ ವಾರ ಆಪರೇಷನ್ ಆಗಲೇಬೇಕು ಅನ್ನುವಂಥದ್ದು ಏನಿಲ್ಲ. ಊದಿಕೊಂಡ, ಬಿಗಿಯಾದ ಮಂಡಿಗೆ ಅವಸರದಲ್ಲಿ ಸರ್ಜರಿ ಮಾಡಿದರೆ ಆಮೇಲೆ ಮಂಡಿ ಪೂರ್ತಿ ನೇರ ಆಗದೆ ಉಳಿಯುವ ಅಪಾಯ ಜಾಸ್ತಿ. ಆ ತೊಂದರೆಯನ್ನು ಸರಿಪಡಿಸುವುದು ಎಸಿಎಲ್ ಸರಿಪಡಿಸುವುದಕ್ಕಿಂತ ಕಷ್ಟ.

ಎಸಿಎಲ್ ಅಂದರೆ ಮಂಡಿಯ ನಟ್ಟನಡುವೆ ತೊಡೆಮೂಳೆಯಿಂದ ಕೆಳಕಾಲಿನ ಮೂಳೆಗೆ ಓರೆಯಾಗಿ ಹೋಗುವ ಗಟ್ಟಿ ಪಟ್ಟಿ. ಉದ್ದ ಸುಮಾರು ಮೂರು ಸೆಂಟಿಮೀಟರ್, ಅಷ್ಟೇ. ಕೆಳಕಾಲು ಮುಂದಕ್ಕೆ ಜಾರದಂತೆ, ಗಕ್ಕನೆ ತಿರುಗುವಾಗ ಮಂಡಿ ತಿರುಚಿಕೊಳ್ಳದಂತೆ ಹಿಡಿದಿಡುವುದು ಇದರ ಕೆಲಸ. ನೇರ ರಸ್ತೆಯಲ್ಲಿ ನಡೆಯುವಾಗ ಇದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ನೀವು ಈಗ ನಡೆಯುತ್ತಿರುವುದು ಅದಕ್ಕೇ. ನೋವು ಹೋಯಿತು, ನಡೆಯುತ್ತೇನೆ, ಅಂದರೆ ವಾಸಿಯಾಯಿತು ಅಂದುಕೊಂಡು ಎಷ್ಟೋ ಹುಡುಗರು ಮತ್ತೆ ಅಂಕಣಕ್ಕೆ ಇಳಿಯುತ್ತಾರೆ. ಒಂದೇ ರೈಡ್‌ನಲ್ಲಿ ಮಂಡಿ ಮತ್ತೆ ಕೈಕೊಡುತ್ತದೆ. ಆಗ ಹರಿಯುವುದು ಎಸಿಎಲ್ ಅಲ್ಲ, ಅದು ಆಗಲೇ ಹರಿದಿದೆ. ಉಳಿದಿದ್ದ ಮೆನಿಸ್ಕಸ್ ಹೋಗುತ್ತದೆ.

ಯಾರೂ ಮುಟ್ಟದೆ ಹೇಗೆ ಹರಿಯಿತು ಎಂದು ನಿಮಗೆ ಆಶ್ಚರ್ಯವಾಗಿರಬೇಕು. ಎಸಿಎಲ್ ಗಾಯಗಳಲ್ಲಿ ಹತ್ತಕ್ಕೆ ಸುಮಾರು ಏಳು ಹೀಗೇ, ಯಾರ ಹೊಡೆತವೂ ಇಲ್ಲದೆ ಆಗುತ್ತವೆ. ಓಡುತ್ತಾ ತಟ್ಟನೆ ನಿಂತಾಗ, ದಿಕ್ಕು ಬದಲಿಸಿದಾಗ, ಒಂಟಿ ಕಾಲಿನ ಮೇಲೆ ಇಳಿದಾಗ. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮೈ ತಿರುಗುತ್ತದೆ, ಮಂಡಿ ಒಳಕ್ಕೆ ಬಾಗುತ್ತದೆ. ರೈಡರ್ ಮಾಡುವ ಕೆಲಸವೇ ಅದು ತಾನೇ? ‘ಟಕ್’ ಅಂದ ಸದ್ದು, ಕೆಲವೇ ಗಂಟೆಯಲ್ಲಿ ಊತ, ಇವೆರಡೂ ಸೇರಿದರೆ ಸ್ಕ್ಯಾನಿಗೂ ಮೊದಲೇ ಎಸಿಎಲ್ ಮೇಲೆ ಅನುಮಾನ ಬರುತ್ತದೆ. ಆ ಊತ ನೀರಲ್ಲ, ರಕ್ತ.

ಇಲ್ಲಿ ಎಂಆರ್‌ಐ ಬಗ್ಗೆ ಒಂದು ಮಾತು. ನಿಮ್ಮ ಪತ್ರದಲ್ಲಿ ಸ್ಕ್ಯಾನಿನ ವಿವರ ಇದೆ, ಡಾಕ್ಟರು ಮಂಡಿ ಹಿಡಿದು ನೋಡಿದ ವಿವರ ಇಲ್ಲ. ಮಂಡಿಯನ್ನು 20–30 ಡಿಗ್ರಿ ಬಾಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಕಾಲನ್ನು ಮುಂದಕ್ಕೆ ಎಳೆದು ನೋಡುವ ಪರೀಕ್ಷೆ ಇದೆ. ಎಸಿಎಲ್ ಸರಿ ಇದ್ದರೆ ಎಳೆದದ್ದು ಗಟ್ಟಿಯಾಗಿ ಒಂದು ಕಡೆ ನಿಲ್ಲುತ್ತದೆ. ಹರಿದಿದ್ದರೆ ಮೆತ್ತಗೆ ಮುಂದೆ ಬರುತ್ತಲೇ ಹೋಗುತ್ತದೆ. ಒಂದು ನಿಮಿಷದ ಕೆಲಸ, ಕಾಸಿಲ್ಲ. ಒಳ್ಳೆ ಕಾಲಿನ ಜೊತೆ ಹೋಲಿಸಿ ಇದನ್ನು ಮಾಡದೆ, ಬರೀ ರಿಪೋರ್ಟ್ ಓದಿ ಆಪರೇಷನ್ ದಿನ ಗೊತ್ತುಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಿಮ್ಮ ಇಬ್ಬರು ಡಾಕ್ಟರುಗಳ ವಿಷಯ. ಇಬ್ಬರ ಮಾತಿಗೂ ಆಧಾರ ಇದೆ.

ಸ್ವೀಡನ್‌ನಲ್ಲಿ 121 ಜನ ಯುವಕ ಯುವತಿಯರ ಮೇಲೆ ನಡೆದ ಅಧ್ಯಯನ 2010ರಲ್ಲಿ ಬಂತು. ಎಲ್ಲರಿಗೂ ಹೊಸದಾಗಿ ಎಸಿಎಲ್ ಹರಿದಿತ್ತು. ಅರ್ಧ ಜನಕ್ಕೆ ಬೇಗ ಸರ್ಜರಿ, ಜೊತೆಗೆ ವ್ಯಾಯಾಮ. ಉಳಿದವರಿಗೆ ಮೊದಲು ವ್ಯಾಯಾಮ, ಮಂಡಿ ಕೈಕೊಡುತ್ತಿದ್ದರೆ ಆಮೇಲೆ ಸರ್ಜರಿ. ಎರಡು ವರ್ಷದ ಕೊನೆಗೆ ನೋವು, ಓಡಾಟ, ಆಟ ಎಲ್ಲ ಸೇರಿಸಿ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯಾಯಾಮದ ಗುಂಪಿನ 59 ಜನರಲ್ಲಿ 23 ಮಂದಿಗೆ ಆ ಎರಡು ವರ್ಷದಲ್ಲಿ ಸರ್ಜರಿ ಬೇಕಾಯಿತು, ಐದು ವರ್ಷದ ಹೊತ್ತಿಗೆ ಅರ್ಧದಷ್ಟು ಮಂದಿಗೆ. ಅಂದರೆ ಉಳಿದರ್ಧ ಜನ ಎಸಿಎಲ್ ಸರ್ಜರಿ ಇಲ್ಲದೆ ನಿಭಾಯಿಸಿದರು. ಅವರ ಸ್ಕ್ಯಾನ್‌ಗಳನ್ನು ಆಮೇಲೆ ಮತ್ತೆ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ವ್ಯಾಯಾಮ ಮಾತ್ರ ಮಾಡಿದ 30 ಜನರಲ್ಲಿ 16 ಮಂದಿಯ ಹರಿದ ಎಸಿಎಲ್ ಎರಡು ವರ್ಷಕ್ಕೆ ಮತ್ತೆ ಕೂಡಿಕೊಂಡಂತೆ ಕಾಣುತ್ತಿತ್ತು. ಎಸಿಎಲ್ ತಾನಾಗಿ ಕೂಡುವುದೇ ಇಲ್ಲ ಎಂದು ನಾವೆಲ್ಲ ಓದಿಕೊಂಡು ಬಂದವರು. ಆ ಮಾತು ಪೂರ್ತಿ ಸರಿಯಲ್ಲ ಎಂದು ಈಗ ಒಪ್ಪಬೇಕಾಗಿದೆ.

ಆದರೆ ಈ ಅಧ್ಯಯನದಲ್ಲಿ ವೃತ್ತಿಪರ ಆಟಗಾರರು ಇರಲಿಲ್ಲ. ಸ್ಕ್ಯಾನಿನಲ್ಲಿ ಕೂಡಿದಂತೆ ಕಾಣುವುದು ಬೇರೆ, ಕಣಕಾಲು ಹಿಡಿದ ಎದುರಾಳಿಯಿಂದ (ಆಂಕಲ್ ಹೋಲ್ಡ್) ಬಿಡಿಸಿಕೊಂಡು ಎಗರುವಷ್ಟು ಗಟ್ಟಿಯಾಗುವುದು ಬೇರೆ. ಬ್ರಿಟನ್‌ನಲ್ಲಿ 316 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಲ್ಲಿದ್ದವರು ಗಾಯವಾಗಿ ತಿಂಗಳುಗಳು ಕಳೆದರೂ ಮಂಡಿ ಕೈಕೊಡುತ್ತಲೇ ಇದ್ದವರು. ಅವರಲ್ಲಿ ಸರ್ಜರಿ ಮಾಡಿಸಿಕೊಂಡವರೇ ಹೆಚ್ಚು ಚೇತರಿಸಿಕೊಂಡರು. ಎರಡನ್ನೂ ಸೇರಿಸಿ ನಾನು ಅರ್ಥ ಮಾಡಿಕೊಂಡಿರುವುದು ಇಷ್ಟು: ಹೊಸ ಗಾಯಕ್ಕೆ ವ್ಯಾಯಾಮದಿಂದ ಶುರು ಮಾಡುವುದರಲ್ಲಿ ನಷ್ಟವಿಲ್ಲ. ಮಂಡಿ ಪದೇ ಪದೇ ಜಾರುತ್ತಿದ್ದರೆ ಕಾಯುತ್ತಾ ಕೂರುವುದರಲ್ಲಿ ಲಾಭವಿಲ್ಲ.

ನಿಮಗೆ ಏನು ಹೇಳಲಿ? ಅಂಗಡಿ ನೋಡಿಕೊಳ್ಳುವ 45 ವರ್ಷದವರು ಇದೇ ಸ್ಕ್ಯಾನ್ ತಂದಿದ್ದರೆ ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ಎನ್ನುತ್ತಿದ್ದೆ. ನಿಮಗೆ 22. ನೀವು ರೈಡರ್, ತಿರುಗುವುದೇ ನಿಮ್ಮ ಆಟ. ಜೊತೆಗೆ ಮೆನಿಸ್ಕಸ್ ಸೀಳಿದೆ. ಹೊಲಿಯಲು ಬರುವಂಥ ಸೀಳಾಗಿದ್ದರೆ ಅದನ್ನು ಉಳಿಸಿಕೊಳ್ಳಲು ಮಂಡಿ ಸ್ಥಿರವಾಗಿರಬೇಕು. ಇಷ್ಟೂ ಸೇರಿದಾಗ ನಾನು ಸರ್ಜರಿ ಕಡೆಗೇ ವಾಲುತ್ತೇನೆ. ಆದರೆ ಊತ ಇಳಿದು, ಮಂಡಿ ಪೂರ್ತಿ ನೇರವಾಗಿ, ತೊಡೆಯ ಸ್ನಾಯು ಎಚ್ಚರಗೊಂಡ ಮೇಲೆ. ಸಾಮಾನ್ಯವಾಗಿ ಇನ್ನು ಮೂರು ನಾಲ್ಕು ವಾರದಲ್ಲಿ ಆ ಸ್ಥಿತಿಗೆ ಬರುತ್ತೀರಿ. ಮೆನಿಸ್ಕಸ್ ಹೊಲಿಯುವುದಿದ್ದರೆ ತಿಂಗಳುಗಟ್ಟಲೆ ಮುಂದೂಡಬೇಡಿ.

ಹರಿದ ಎಸಿಎಲ್ ಅನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ, ಅದರ ಜಾಗಕ್ಕೆ ನಿಮ್ಮ ದೇಹದ್ದೇ ಬೇರೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತೆಗೆದು ಹಾಕುತ್ತಾರೆ. ಇದನ್ನೇ ಗ್ರಾಫ್ಟ್ ಅನ್ನುವುದು. ಹೆಚ್ಚಾಗಿ ತೊಡೆ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆಯುತ್ತಾರೆ. ಮಂಡಿಚಿಪ್ಪಿನ ಕೆಳಗಿನ ಟೆಂಡನ್ ತೆಗೆಯುವುದೂ ಇದೆ. ಅದು ಎಳೆ ವಯಸ್ಸಿನ ಆಟಗಾರರಲ್ಲಿ ಸ್ವಲ್ಪ ಗಟ್ಟಿ ನಿಲ್ಲುತ್ತದೆ. ಆದರೆ ಮಂಡಿಯೂರಿದಾಗ ನೋವು ಉಳಿಯಬಹುದು. ಪಾದದ ಹೊರಬದಿಯ ಟೆಂಡನ್ ಬಳಸುವವರೂ ನಮ್ಮಲ್ಲಿ ಇದ್ದಾರೆ. ಕಬಡ್ಡಿಯವರಿಗೆ ಕಣಕಾಲೂ ಅಷ್ಟೇ ಮುಖ್ಯ, ಹಾಗಾಗಿ ನಾನು ಅದನ್ನು ಮೊದಲ ಆಯ್ಕೆ ಮಾಡುವುದಿಲ್ಲ. ನಿಮ್ಮ ಸರ್ಜನ್ ಯಾವುದರಲ್ಲಿ ಪಳಗಿದ್ದಾರೋ ಅದಕ್ಕೂ ಬೆಲೆ ಇದೆ. ಇನ್ನೊಂದನ್ನು ಮಾತ್ರ ಮರೆಯದೆ ಕೇಳಿ: ಮಂಡಿಯ ಹೊರಬದಿಗೂ ಒಂದು ಪಟ್ಟಿ ಸೇರಿಸುವ ಅಗತ್ಯ ಇದೆಯಾ ಅಂತ. 25 ವರ್ಷದೊಳಗಿನ 618 ಜನರಿಗೆ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಹಾಕಿದ ಅಧ್ಯಯನ 2020ರಲ್ಲಿ ಬಂತು. ಬರೀ ಗ್ರಾಫ್ಟ್ ಹಾಕಿಸಿಕೊಂಡವರಲ್ಲಿ ಎರಡು ವರ್ಷದಲ್ಲಿ ಅದು ಮತ್ತೆ ಹರಿದವರು ಶೇ 11. ಹೊರಬದಿಗೂ ಪಟ್ಟಿ ಹಾಕಿಸಿಕೊಂಡವರಲ್ಲಿ ಅದು ಶೇ 4ಕ್ಕೆ ಇಳಿದಿತ್ತು. ನಿಮ್ಮ ವಯಸ್ಸಿಗೆ, ನಿಮ್ಮ ಆಟಕ್ಕೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಇಲ್ಲಿಯವರೆಗೆ ಹೇಳಿದ್ದು ಒಂದೆರಡು ಗಂಟೆಯ ಕೆಲಸ. ನೀವು ಮತ್ತೆ ಆಡುತ್ತೀರೋ ಇಲ್ಲವೋ ತೀರ್ಮಾನ ಆಗುವುದು ಆಮೇಲಿನ ಒಂದು ವರ್ಷದಲ್ಲಿ. ಜನ ಸರ್ಜನ್ ಹುಡುಕಲು ಊರೆಲ್ಲ ಅಲೆಯುತ್ತಾರೆ, ಫಿಸಿಯೋಗೆ ಹತ್ತು ದಿನ ಹೋಗಿ ನಿಲ್ಲಿಸುತ್ತಾರೆ. ನನಗೆ ತುಂಬ ಬೇಜಾರಾಗುವ ವಿಷಯ ಇದು.

ಮೊದಲ ಎರಡು ವಾರ ಮೂರೇ ಗುರಿ: ಊತ ಇಳಿಯಬೇಕು, ಮಂಡಿ ಪೂರ್ತಿ ನೇರ ಆಗಬೇಕು, ತೊಡೆಯ ಮುಂಭಾಗದ ಸ್ನಾಯು ಬಿಗಿಯಲು ಬರಬೇಕು. ಮೆನಿಸ್ಕಸ್ ಹೊಲಿದಿದ್ದರೆ ನಾಲ್ಕರಿಂದ ಆರು ವಾರ ಮಂಡಿಯನ್ನು 90 ಡಿಗ್ರಿಗಿಂತ ಜಾಸ್ತಿ ಬಾಗಿಸಬೇಡಿ ಎನ್ನಬಹುದು, ಊರುಗೋಲೂ ಕೊಡಬಹುದು. ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ಮೀನಖಂಡ ಊದಿ ನೋಯಲು ಶುರುವಾದರೆ ಮುಂದಿನ ಚೆಕಪ್‌ವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಎರಡನೇ ತಿಂಗಳ ಆಸುಪಾಸಿನ ಸಮಯ ಬಹಳ ಮೋಸದ್ದು. ನೀವು ಗದ್ದೆ ನಾಟಿ ನೋಡಿದವರು. ಕಿತ್ತು ನೆಟ್ಟ ಪೈರು ಮೊದಲು ಹಳದಿ ತಿರುಗಿ ಸೋಲುತ್ತದೆ, ಬೇರು ಹಿಡಿದ ಮೇಲೆ ಹಸಿರಾಗುತ್ತದೆ. ಗ್ರಾಫ್ಟ್ ಕೂಡ ಹಾಗೇ. ಅದಕ್ಕೆ ಹೊಸದಾಗಿ ರಕ್ತನಾಳಗಳು ಬರುವ ಮುಂಚೆ ಅದು ಹಾಕಿದ ದಿನಕ್ಕಿಂತ ದುರ್ಬಲವಾಗುತ್ತದೆ. ಸುಮಾರು 6ರಿಂದ 12ನೇ ವಾರ ಆ ಹೊತ್ತು. ನೋವಿಲ್ಲ, ಊತ ಇಲ್ಲ, ನಡಿಗೆ ಸಲೀಸು. ‘ನಂಗೆ ಸರಿ ಹೋಯ್ತು’ ಅನಿಸುವುದೂ ಆಗಲೇ. ದಯವಿಟ್ಟು ಆ ಸಮಯದಲ್ಲಿ ಗೆಳೆಯರ ಜೊತೆ ಸುಮ್ನೆ ಒಂದು ರೈಡ್ ಅಂತ ಇಳಿಯಬೇಡಿ. ಬಲಗಾಲಲ್ಲಿ ಬೈಕ್ ಕಿಕ್ ಹೊಡೆಯುವುದೂ ಬೇಡ.

ಮೂರು ನಾಲ್ಕು ತಿಂಗಳಿಗೆ ನೇರ ಓಟ ಶುರು ಮಾಡಬಹುದು, ತಿಂಗಳು ತುಂಬಿತು ಅಂತಲ್ಲ, ಕಾಲಿಗೆ ಬಲ ಬಂದಿದ್ದರೆ ಮತ್ತು ಓಡಿದ ಮೇಲೆ ಊತ ಬಾರದಿದ್ದರೆ. ಆರು ತಿಂಗಳ ಹೊತ್ತಿಗೆ ಜಿಗಿತ, ನಿಧಾನದ ತಿರುವು. ಪೂರ್ತಿ ಆಟ ಒಂಬತ್ತು ತಿಂಗಳಿಗೆ ಮುಂಚೆ ಬೇಡವೇ ಬೇಡ.

ಒಂಬತ್ತು ಅನ್ನುವುದು ಬಾಯಿಗೆ ಬಂದ ಸಂಖ್ಯೆ ಅಲ್ಲ. ಎಸಿಎಲ್ ಸರ್ಜರಿಯಾದ 106 ಜನರನ್ನು ಎರಡು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನ 2016ರಲ್ಲಿ ಬಂತು. ಆಟಕ್ಕೆ ಮರಳುವುದನ್ನು ಒಂಬತ್ತನೇ ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮಂಡಿಗೆ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧರ್ಧ ಇಳಿದಿತ್ತು. ಅದರಲ್ಲೇ ಇನ್ನೊಂದು ಅಂಶ ನನ್ನ ಮಟ್ಟಿಗೆ ಇನ್ನೂ ದೊಡ್ಡದು. ಬಲದ ಮತ್ತು ಜಿಗಿತದ ಪರೀಕ್ಷೆಗಳಲ್ಲಿ ಪಾಸಾಗದೆ ಆಟಕ್ಕೆ ಮರಳಿದವರಲ್ಲಿ ಶೇ 38 ಜನರಿಗೆ ಮತ್ತೆ ಗಾಯವಾಯಿತು. ಪಾಸಾಗಿ ಮರಳಿದವರಲ್ಲಿ ಶೇ 6ಕ್ಕಿಂತ ಕಡಿಮೆ.

ಆ ಪರೀಕ್ಷೆ ದೊಡ್ಡ ಮಷಿನ್‌ನಲ್ಲೇ ಆಗಬೇಕೆಂದಿಲ್ಲ, ಇದ್ದರೆ ಒಳ್ಳೆಯದು. ನಿಮ್ಮ ಫಿಸಿಯೋ ನೆಲದ ಮೇಲೆ ಟೇಪ್ ಹಾಸುತ್ತಾರೆ. ಒಂಟಿ ಕಾಲಲ್ಲಿ ನಿಂತು ಮುಂದಕ್ಕೆ ಜಿಗಿದು, ಅದೇ ಕಾಲಲ್ಲಿ ಇಳಿದು ಅಲುಗಾಡದೆ ನಿಲ್ಲಬೇಕು. ಎಡಗಾಲಲ್ಲಿ 150 ಸೆಂಟಿಮೀಟರ್ ಜಿಗಿದರೆ ಬಲಗಾಲಲ್ಲಿ ಕನಿಷ್ಠ 135 ಬರಬೇಕು, ಅಂದರೆ ಶೇ 90. ಹಾಗೇ ಮೂರು ನಾಲ್ಕು ಬಗೆಯ ಜಿಗಿತ. ಜಿಮ್‌ನ ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ ಒಂದೊಂದೇ ಕಾಲು ಎತ್ತುವ ತೂಕಕ್ಕೂ ಇದೇ ಲೆಕ್ಕ. ದೂರ ಎಷ್ಟು ಅನ್ನುವುದರ ಜೊತೆಗೆ ಹೇಗೆ ಇಳಿಯುತ್ತೀರಿ ಎಂದೂ ನೋಡಬೇಕು. ಇಳಿದಾಗ ಮಂಡಿ ಒಳಕ್ಕೆ ವಾಲಿದರೆ 140 ಜಿಗಿದರೂ ಪಾಸಲ್ಲ. ಮೊಬೈಲ್‌ನಲ್ಲಿ ಎದುರಿನಿಂದ ವಿಡಿಯೊ ಮಾಡಿಸಿ, ನಿಧಾನಕ್ಕೆ ಓಡಿಸಿ ನೋಡಿ, ಗೊತ್ತಾಗುತ್ತದೆ.

ಇದರಲ್ಲೊಂದು ತೊಡಕಿದೆ. ವರ್ಷವಿಡೀ ಆಡದೆ ಕೂತಾಗ ಒಳ್ಳೆ ಕಾಲೂ ಸೊರಗುತ್ತದೆ. ಆಗ ಸೊರಗಿದ ಕಾಲಿನ ಶೇ 90 ಅಂದರೆ ಏನೂ ಅಲ್ಲ. ಅದಕ್ಕೇ ಎಡಗಾಲಿನ ಬಲದ ಅಳತೆಯನ್ನು ಸರ್ಜರಿಗೆ ಮುಂಚೆಯೇ, ಈಗಲೇ, ತೆಗೆಸಿ ಬರೆದಿಟ್ಟುಕೊಳ್ಳಿ. ಆಮೇಲೆ ಅದರ ಜೊತೆ ಹೋಲಿಸಿ.

ಮೊದಲಿನ ಹಾಗೆ ಆಡಬಹುದಾ ಎಂದು ಕೇಳಿದ್ದೀರಿ. 69 ಅಧ್ಯಯನಗಳ, ಏಳೂವರೆ ಸಾವಿರ ಜನರ ಲೆಕ್ಕವನ್ನು ಒಟ್ಟಿಗೆ ನೋಡಿದಾಗ ಸಿಕ್ಕ ಉತ್ತರ ಹೀಗಿದೆ. ಸರ್ಜರಿ ನಂತರ ಯಾವುದಾದರೂ ಆಟಕ್ಕೆ ಮರಳಿದವರು ಶೇ 81. ಮೊದಲಿನ ಮಟ್ಟಕ್ಕೇ ಮರಳಿದವರು ಶೇ 65. ಪಂದ್ಯಗಳ ಮಟ್ಟಕ್ಕೆ ಮರಳಿದವರು ಶೇ 55. ಅಂದರೆ ನೂರಕ್ಕೆ ಐವತ್ತೈದು. ನೀವು ಇದನ್ನು ತಿಳಿದೇ ಹೆಜ್ಜೆ ಇಡಬೇಕು ಅನ್ನುವುದು ನನ್ನ ಆಸೆ. ಮರಳದೇ ಹೋದವರೆಲ್ಲರ ಮಂಡಿ ಕೆಟ್ಟಿತ್ತು ಅಂತಲ್ಲ. ಮಂಡಿ ಗಟ್ಟಿ ಇದ್ದೂ ಮತ್ತೆ ಹರಿದೀತು ಎಂಬ ಭಯದಿಂದ ನಿಂತವರು ಬಹಳ. ಕೆಲವರಿಗೆ ಕೆಲಸ ಸಿಕ್ಕಿತು, ಮದುವೆ ಆಯಿತು, ಆಟ ಹಿಂದೆ ಬಿತ್ತು. ಆ ಭಯವನ್ನು ಮುಚ್ಚಿಟ್ಟುಕೊಂಡು ಅಂಕಣಕ್ಕೆ ಇಳಿದರೆ ಕಾಲು ಹಿಂಜರಿಯುತ್ತದೆ, ಹಿಂಜರಿದ ಕಾಲಿಗೇ ಪೆಟ್ಟು. ಭಯ ಇದ್ದರೆ ಫಿಸಿಯೋ ಹತ್ತಿರ, ಕೋಚ್ ಹತ್ತಿರ ಹೇಳಿ. ಇಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಕ್ರಿಕೆಟಿಗ ರಿಷಭ್ ಪಂತ್ ಗೊತ್ತಲ್ಲ. 2022ರ ಡಿಸೆಂಬರ್ 30ರಂದು ಕಾರು ಅಪಘಾತವಾಗಿ, 2023ರ ಜನವರಿಯಲ್ಲಿ ಬಲ ಮಂಡಿಯ ಲಿಗಮೆಂಟ್ ಸರ್ಜರಿ ಆಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಚೇತರಿಕೆ ನಡೆಯಿತು. ಮತ್ತೆ ಪಂದ್ಯ ಆಡಿದ್ದು 2024ರ ಮಾರ್ಚ್‌ನಲ್ಲಿ. ಅವರ ಗಾಯ ನಿಮ್ಮದಕ್ಕಿಂತ ದೊಡ್ಡದು, ನಿಜ. ಆದರೆ ದಿನವಿಡೀ ಫಿಸಿಯೋ ಜೊತೆಗಿದ್ದವರಿಗೇ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆರು ತಿಂಗಳಿಗೆ ಟೂರ್ನಮೆಂಟ್ ಇದೆ ಬಾ ಎಂದು ಯಾರಾದರೂ ಕರೆದರೆ ಇದನ್ನು ಅವರಿಗೆ ಹೇಳಿ.

ಮರಳಿದ ಮೇಲಿನ ಅಪಾಯವನ್ನೂ ಹೇಳಬೇಕು. 25ರೊಳಗಿನವರು ಸರ್ಜರಿ ನಂತರ ಆಟಕ್ಕೆ ಮರಳಿದಾಗ ಸುಮಾರು ಶೇ 23 ಜನರಿಗೆ ಎರಡನೇ ಎಸಿಎಲ್ ಗಾಯ ಆಗಿದೆ. ಅದು ಅದೇ ಮಂಡಿಗೇ ಆಗಬೇಕೆಂದಿಲ್ಲ, ಒಳ್ಳೆ ಮಂಡಿಯೂ ಹರಿಯುತ್ತದೆ. ಹೀಗಾಗಿ ವ್ಯಾಯಾಮ ಎರಡೂ ಕಾಲಿಗೆ ಮಾಡಬೇಕು, ಮರಳಿದ ಮೇಲೂ ನಿಲ್ಲಿಸಬಾರದು. ಸರಿಯಾಗಿ ಇಳಿಯುವುದು, ತಿರುಗುವುದು, ತೊಡೆ ಮತ್ತು ಸೊಂಟದ ಬಲ, ಇವುಗಳನ್ನು ವಾರ್ಮ್‌ಅಪ್‌ನಲ್ಲೇ ಸೇರಿಸಿಕೊಂಡ ತಂಡಗಳಲ್ಲಿ ಎಸಿಎಲ್ ಗಾಯ ಅರ್ಧದಷ್ಟು ಕಡಿಮೆಯಾಗಿದೆ. ನಿಮ್ಮ ಕೋಚ್‌ಗೆ ಈ ಮಾತು ತಲುಪಿಸಿ. ಟೀಮಿನ ಉಳಿದ ಹುಡುಗರ ಮಂಡಿಯಾದರೂ ಉಳಿಯಲಿ. ಹೆಣ್ಣುಮಕ್ಕಳ ತಂಡ ಇದ್ದರೆ ಅವರಿಗೆ ಇನ್ನೂ ಮೊದಲು ಕಲಿಸಬೇಕು, ಅವರಲ್ಲಿ ಈ ಗಾಯದ ಸಾಧ್ಯತೆ ಜಾಸ್ತಿ.

ನಿಮ್ಮ ತಂದೆಯವರ ಆತಂಕಕ್ಕೆ ಬರುತ್ತೇನೆ. ಅವರು ಹೇಳುವುದು ಸುಳ್ಳಲ್ಲ, ಅವರು ನೋಡಿದ ಮಂಡಿಗಳು ಹಾಗಿದ್ದಿರಬಹುದು. ಆದರೆ ಸರಿಯಾಗಿ ವ್ಯಾಯಾಮ ಮಾಡಿದ ಮಂಡಿ ಗದ್ದೆ ಕೆಲಸಕ್ಕೆ ಬರುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಕುಕ್ಕರುಗಾಲಲ್ಲಿ ಕೂರಬೇಡಿ, ಭಾರ ಹೊತ್ತು ಬಗ್ಗಿ ಏಳಬೇಡಿ, ಕಮೋಡ್ ಬಳಸಿ. ಕೆಸರುಗದ್ದೆಯಲ್ಲಿ ಕಾಲು ಹೂತು ಮೈ ತಿರುಗುತ್ತದೆ, ಅದೇ ಎಸಿಎಲ್‌ಗೆ ಆಗದ ಚಲನೆ. ಅದಕ್ಕೆ ಕನಿಷ್ಠ ಆರು ತಿಂಗಳು ಬಿಡಿ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು ಹೆಚ್ಚಿನವರಿಗೆ ನಿಧಾನವಾಗಿ ವಾಪಸ್ ಬರುತ್ತದೆ.

ಮುಂದೆ ಮಂಡಿ ಸವೆಯುವುದು ಮಾತ್ರ ನಿಜವಾದ ಚಿಂತೆ. ಸರ್ಜರಿ ಮಾಡಿಸಿದ ಮಾತ್ರಕ್ಕೆ ಸವೆತ ಬರಲ್ಲ ಎಂದು ನಾನು ಭರವಸೆ ಕೊಡಲಾರೆ. ಹತ್ತು ವರ್ಷ ಕಳೆದ ಮೇಲೆ ನೋಡಿದ ಒಳ್ಳೆಯ ಅಧ್ಯಯನಗಳಲ್ಲಿ, ಎಸಿಎಲ್ ಮಾತ್ರ ಹರಿದಿದ್ದವರಲ್ಲಿ ಸವೆತ ಕಂಡಿದ್ದು ಹೆಚ್ಚೆಂದರೆ ಶೇ 13. ಮೆನಿಸ್ಕಸ್ ಕೂಡ ಹಾಳಾಗಿದ್ದವರಲ್ಲಿ ಶೇ 21ರಿಂದ 48. ನಿಮ್ಮ ಪತ್ರ ಓದಿದಾಗ ಎಸಿಎಲ್‌ಗಿಂತ ಮೆನಿಸ್ಕಸ್ ಬಗ್ಗೆಯೇ ನಾನು ಜಾಸ್ತಿ ಯೋಚಿಸಿದ್ದು ಅದಕ್ಕೆ. ಹೊಲಿಯುವ ಅವಕಾಶ ಇದ್ದರೆ ಹೊಲಿಸಿ. ಕತ್ತರಿಸಿ ತೆಗೆದರೆ ಬೇಗ ನಡೆಯಬಹುದು, ಆಟಕ್ಕೂ ಬೇಗ ಇಳಿಯಬಹುದು, ಅದರ ಬೆಲೆ ನಲವತ್ತನೇ ವಯಸ್ಸಿಗೆ ಕಟ್ಟಬೇಕಾಗುತ್ತದೆ.

ಪೊಲೀಸ್ ಫಿಸಿಕಲ್‌ನಲ್ಲಿ 1600 ಮೀಟರ್ ಓಟಕ್ಕೆ ಆರೇಳು ತಿಂಗಳಲ್ಲಿ ತಯಾರಾಗಬಹುದು. ಉದ್ದಜಿಗಿತ ಬೇರೆ ಲೆಕ್ಕ. ಅಲ್ಲಿ ಪೂರ್ತಿ ವೇಗದಲ್ಲಿ ಬಂದು ಇಳಿಯಬೇಕು, ಒಂಬತ್ತು ತಿಂಗಳು ಆಗಲೇಬೇಕು. ಪರೀಕ್ಷೆ ದಿನಾಂಕ ಅದಕ್ಕಿಂತ ಮುಂಚೆ ಬಿದ್ದರೆ ಮುಂದಿನ ನೇಮಕಾತಿಗೆ ಕಾಯುವುದೇ ಲೇಸು. ಡಿಸ್‌ಚಾರ್ಜ್ ಸಮರಿ, ಆಪರೇಷನ್ ಟಿಪ್ಪಣಿ ಜೋಪಾನವಾಗಿಡಿ. ವೈದ್ಯಕೀಯ ಪರೀಕ್ಷೆಯಲ್ಲಿ ಕೇಳಿದರೆ ಮುಚ್ಚಿಡಬೇಡಿ.

ಸದ್ಯಕ್ಕೆ ಹೀಗೆ ಮಾಡಿ. ಎಣ್ಣೆ ಹಾಕಿ ನೀವಿಸುವುದು, ಎಳೆಸುವುದು, ಪಟ್ಟು ಕಟ್ಟಿಸುವುದು ಬೇಡ. ಕಾಲು ಚಾಚಿ ಮಲಗಿ, ಹಿಮ್ಮಡಿ ಕೆಳಗೆ ಸುತ್ತಿದ ಟವಲ್ ಇಡಿ, ಮಂಡಿ ತನ್ನ ಭಾರಕ್ಕೇ ನೇರ ಆಗಲಿ. ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ. ಆಮೇಲೆ ಟವಲ್ ಅನ್ನು ಮಂಡಿ ಕೆಳಗೆ ಇಟ್ಟು, ಅದನ್ನು ನೆಲಕ್ಕೆ ಒತ್ತುವ ಹಾಗೆ ತೊಡೆ ಬಿಗಿಯಿರಿ. ಮಂಡಿಚಿಪ್ಪಿನ ಮೇಲ್ಗಡೆ, ಒಳಬದಿಗೆ ಬೆರಳಿಟ್ಟು ನೋಡಿ. ಎಡಗಾಲಲ್ಲಿ ಅಲ್ಲಿ ಸ್ನಾಯು ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಲಗಾಲಲ್ಲಿ ಈಗ ಮೆತ್ತಗಿರುತ್ತದೆ. ಎರಡೂ ಒಂದೇ ಥರ ಬಿಗಿಯುವ ಮೊದಲು ಆಪರೇಷನ್ ಟೇಬಲ್ ಹತ್ತಬೇಡಿ. ಫಿಸಿಯೋ ಸೆಂಟರ್ ದೂರ ಇದ್ದರೆ ದಿನಾ ಹೋಗಬೇಕಾಗಿಲ್ಲ. ಎರಡು ವಾರಕ್ಕೊಮ್ಮೆ ಹೋಗಿ, ಮುಂದಿನ ಹದಿನೈದು ದಿನದ ವ್ಯಾಯಾಮ ಬರೆಸಿಕೊಂಡು ಬನ್ನಿ, ಮನೆಯಲ್ಲೂ ತಾಲ್ಲೂಕಿನ ಜಿಮ್‌ನಲ್ಲೂ ಮಾಡಿ. ಸರ್ಜನ್ ಹತ್ತಿರ ಹೋದಾಗ ಕೇಳಬೇಕಾದ್ದು: ಮೆನಿಸ್ಕಸ್ ಹೊಲಿಯಲು ಬರುತ್ತದಾ, ಯಾವ ಗ್ರಾಫ್ಟ್, ಯಾಕೆ, ಹೊರಬದಿಯ ಪಟ್ಟಿ ಬೇಕಾ, ಆಮೇಲಿನ ಒಂಬತ್ತು ತಿಂಗಳು ನನ್ನನ್ನು ನೋಡಿಕೊಳ್ಳುವ ಫಿಸಿಯೋ ಯಾರು. ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಇನ್ನೊಬ್ಬ ಸರ್ಜನ್ ನೋಡಿ.